ಈಯುವ ಹೊತ್ತಿನಲ್ಲಿ ಕೈ ಎಲ್ಲಿರಬೇಕು

ನಮ್ಮದು ಚನ್ನರಾಯಪಟ್ಟಣದ ಕಡೆಯ ಊರು. ತೆಂಗು, ರಾಗಿ, ತೋಟದ ಬದಿಗೆ ಉದ್ದನೆಯ ಕೊಟ್ಟಿಗೆ. 1996ರಲ್ಲಿ ನಾನು ಸೊಸೆಯಾಗಿ ಬಂದಾಗ ಅಲ್ಲಿ ಎರಡು ಹಳ್ಳಿಕಾರ್ ಹಸು, ಒಂದು ಎಮ್ಮೆ ಇದ್ದವು. ಈಗ ಹನ್ನೊಂದು ರಾಸು. ಏಳು ಎಚ್‌ಎಫ್, ಮೂರು ಜೆರ್ಸಿ, ಅತ್ತೆಮ್ಮನಿಗಾಗಿ ಉಳಿಸಿಕೊಂಡ ಹಳ್ಳಿಕಾರ್ ಒಂದು. ಸೀಮೆಹಸುಗಳು ವರ್ಷವಿಡೀ ಈಯುತ್ತವೆ ಎನ್ನುವುದು ನಿಜ. ಆದರೂ ಮುಂಗಾರಿನ ಹಸಿರು ಮೇದು ಮೈ ತುಂಬಿಕೊಂಡು, ದಸರಾ–ದೀಪಾವಳಿ ಹೊತ್ತಿಗೆ ಬೆದೆಗೆ ಬರುವವೇ ನಮ್ಮಲ್ಲಿ ಹೆಚ್ಚು. ಹಾಗಾಗಿ ಆಷಾಢ, ಶ್ರಾವಣ ಬಂತೆಂದರೆ ನಮ್ಮ ಕೊಟ್ಟಿಗೆಗೆ ಬಾಣಂತನದ ಕಾಲ. ಬೀಸುಗಾಳಿ, ಜಿಟಿಜಿಟಿ ಮಳೆ, ಕೆಸರು, ನೊಣ. ಅದರ ನಡುವೆ ಹದಿನೈದು ದಿನಕ್ಕೆ ನಾಲ್ಕು ಕರು.

ಇಷ್ಟು ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಹಸು ಈದದ್ದನ್ನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಸುಸೂತ್ರ ಆದವೆಲ್ಲ ನೆನಪಿನಲ್ಲಿ ಒಂದರೊಳಗೊಂದು ಬೆರೆತುಹೋಗಿವೆ. ಕೆಟ್ಟವು ಒಂದೊಂದೂ ಬೇರೆಯಾಗಿ ನಿಂತಿವೆ. ಯಾವ ಹಸು, ಯಾವ ಹೊತ್ತು, ಯಾರು ಲಾಟೀನು ಹಿಡಿದಿದ್ದರು ಎಂಬುದರ ಸಮೇತ. ಯಾವಾಗ ಕೈಕಟ್ಟಿ ನಿಲ್ಲಬೇಕು, ಯಾವಾಗ ಕೈ ಹಾಕಬೇಕು ಎಂಬುದನ್ನು ನಾನು ಕಲಿತದ್ದು ಅವುಗಳಿಂದ. ಹೊಸದಾಗಿ ಹಸು ಕಟ್ಟಿದ ಹೆಣ್ಣುಮಕ್ಕಳು ಡೈರಿ ಹತ್ತಿರ ಸಿಕ್ಕಾಗ ಕೇಳುತ್ತಿರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

1. ದಿನ ಬರೆದಿಡಿ

ಗಬ್ಬಕ್ಕೆಂದು ಇಂಜೆಕ್ಷನ್ ಕೊಡಿಸಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಹಸುವಿನ ಹೆಸರು ಬರೆಯಿರಿ. ಅಲ್ಲಿಂದ ಒಂಬತ್ತು ತಿಂಗಳು ಒಂಬತ್ತು ದಿನ ಎಣಿಸಿ ಇನ್ನೊಂದು ಕಡೆ ಸುತ್ತು ಹಾಕಿ. ಡಾಕ್ಟರು ಹೇಳುವ 280 ದಿನವೂ ಹೆಚ್ಚುಕಡಿಮೆ ಅದೇ ಲೆಕ್ಕ. ನಾಲ್ಕೈದು ದಿನ ಹಿಂದುಮುಂದಾಗಬಹುದು. ಎಮ್ಮೆಗೆ ಹತ್ತು ತಿಂಗಳು ದಾಟಬೇಕು.

ಈ ಸುತ್ತಿನಿಂದ ಎರಡು ತಿಂಗಳು ಹಿಂದಕ್ಕೆ ಇನ್ನೊಂದು ಗುರುತು ಹಾಕಿ. ಅವತ್ತಿಗೆ ಹಾಲು ಕರೆಯುವುದನ್ನು ನಿಲ್ಲಿಸಿ ಹಸುವನ್ನು ಬತ್ತಿಸಬೇಕು. ಹೊಟ್ಟೆಯೊಳಗಿನ ಕರು ಬೇಗಬೇಗ ಬೆಳೆಯುವುದು ಆ ಕೊನೆಯ ಎರಡು ತಿಂಗಳಲ್ಲೇ. ದಿನ ಗೊತ್ತಿಲ್ಲದೆ ಈಯಲು ಮೂರು ವಾರ ಉಳಿಯುವವರೆಗೂ ಕರೆದ ಮನೆಯೊಂದನ್ನು ಬಲ್ಲೆ. ಹುಟ್ಟಿದ ಕರುವಿಗೆ ಎದ್ದು ನಿಲ್ಲುವ ತ್ರಾಣವೇ ಇರಲಿಲ್ಲ, ಹಸು ಆ ಸೂಲಿನಲ್ಲಿ ಅರ್ಧ ಹಾಲನ್ನೂ ಕೊಡಲಿಲ್ಲ.

2. ಬಾಲದ ಬುಡ ಮುಟ್ಟಿ ನೋಡಿ

ಕೆಚ್ಚಲು ಇಳಿಯಿತು ಎಂದು ಓಡಿಬರುತ್ತಾರೆ. ಕೆಚ್ಚಲನ್ನು ಪೂರ್ತಿ ನಂಬಬೇಡಿ; ಚೊಚ್ಚಲು ಕಡಸಿಗೆ ತಿಂಗಳ ಮುಂಚೆಯೇ ಕೆಚ್ಚಲು ಬಿಗಿದುಕೊಳ್ಳುತ್ತದೆ. ಅತ್ತೆಮ್ಮ ನನಗೆ ಮೊದಲ ವರ್ಷ ಕಲಿಸಿದ್ದು ಬಾಲದ ಬುಡ. ಹಸುವಿನ ಹಿಂದೆ ನಿಲ್ಲಿಸಿ, ನನ್ನ ಎರಡು ಬೆರಳು ಹಿಡಿದು ಬಾಲದ ಎರಡೂ ಪಕ್ಕಕ್ಕೆ ಒತ್ತಿಸಿದರು. ಅಲ್ಲಿ ಹಗ್ಗದ ಹಾಗೆ ಗಟ್ಟಿಯಾದ ನರವೊಂದು ಸಿಕ್ಕಿತು. "ಈ ಹಗ್ಗ ಸಡಿಲಾಗಿ, ನಿನ್ನ ಬೆರಳು ಒಳಕ್ಕೆ ಇಳೀಬೇಕು ಮಗಾ. ಗುಂಡಿ ಬಿತ್ತು ಅಂದ್ರೆ ಒಂದು ಹಗಲು ಒಂದು ರಾತ್ರಿ. ಅದಕ್ಕೆ ಮುಂಚೆ ನಿದ್ದೆ ಕೆಡಬ್ಯಾಡ" ಅಂದರು.

ಆಮೇಲೆ ದಿನಾ ಬೆಳಿಗ್ಗೆ ಸಂಜೆ ಮುಟ್ಟುತ್ತಾ ಬಂದೆ. ಆರನೆಯ ದಿನ ಸಂಜೆ ಆ ಹಗ್ಗ ಸಿಗಲೇ ಇಲ್ಲ. ಬೆರಳು ಹಣ್ಣಾದ ಹಲಸಿನ ಮೇಲೆ ಒತ್ತಿದ ಹಾಗೆ ಇಳಿಯಿತು. ಬೆಳಗಿನ ಜಾವ ಕರು ಬಿತ್ತು. ಮೊಲೆತುದಿಯಲ್ಲಿ ಮೇಣದಂತೆ ಅಂಟು ಕಾಣುವುದು, ಮೇವು ಬಿಟ್ಟು ಮೂಲೆ ಹಿಡಿಯುವುದು, ಹಿಂದೆ ತಿರುತಿರುಗಿ ನೋಡುವುದು, ಇವೆಲ್ಲ ಜೊತೆಗೆ ಬರುವ ಗುರುತುಗಳು.

3. ಮೇವು ಸಂಜೆಗೆ ಹಾಕಿ

ಬೆಳಿಗ್ಗೆ ಹೊಟ್ಟೆತುಂಬ ಹಾಕಿ ಸಂಜೆ ಕೈ ಬಿಗಿ ಹಿಡಿಯುವುದು ನಮ್ಮಲ್ಲಿ ವಾಡಿಕೆ. ಕೆನಡಾದ ಮ್ಯಾನಿಟೋಬಾದಲ್ಲಿ ಗಸ್ ಕೊನೆಫಾಲ್ ಎಂಬ ದನ ಸಾಕುವವರೊಬ್ಬರು 1970ರ ದಶಕದಲ್ಲಿ ಗಬ್ಬದ ಹಸುಗಳಿಗೆ ದಿನದ ಕೊನೆಯ ಮೇವನ್ನು ರಾತ್ರಿಗೆ ಹಾಕಿ ನೋಡಿ, ಹೆಚ್ಚಿನವು ಹಗಲಿನಲ್ಲೇ ಈಯುವುದನ್ನು ಕಂಡುಕೊಂಡರಂತೆ. ಡಾಕ್ಟರೊಬ್ಬರು ಹೇಳಿದ ಮೇಲೆ ನಾನೂ ಕೊನೆಯ ತಿಂಗಳಲ್ಲಿ ದೊಡ್ಡ ಹೊರೆಯನ್ನು ಸಂಜೆ ಏಳರ ಮೇಲೆ ಹಾಕುತ್ತೇನೆ. ಎಲ್ಲವೂ ಹಗಲೇ ಈಯುವುದಿಲ್ಲ. ಆದರೆ ರಾತ್ರಿ ಎರಡು ಗಂಟೆಯ ಬಾಣಂತನ ಕಡಿಮೆಯಾಗಿದೆ. ಹಗಲಲ್ಲಾದರೆ ಡಾಕ್ಟರೂ ಸಿಗುತ್ತಾರೆ, ಕೈಗೆ ಜನವೂ ಸಿಗುತ್ತಾರೆ.

4. ನೀರಿನ ಚೀಲ ಕಂಡ ಮೇಲೆ ಗಡಿಯಾರ ನೋಡಿ

ನನ್ನ ಎರಡು ದೊಡ್ಡ ತಪ್ಪುಗಳು ಇಲ್ಲಿಯವೇ.

ಗೌರಿ ನಮ್ಮ ಮೊದಲ ಸೀಮೆಹಸು. ಚೊಚ್ಚಲು. ನೀರಿನ ಚೀಲ ಕಂಡು ಹತ್ತು ನಿಮಿಷ ಆಗಿತ್ತೋ ಇಲ್ಲವೋ, ಎರಡು ಗೊರಸು ಇಣುಕಿದವು. ಅವಳು ಮುಕ್ಕಿದಾಗಲೆಲ್ಲ ನನ್ನ ಹೊಟ್ಟೆ ಹಿಂಡಿದಂತಾಗುತ್ತಿತ್ತು. ಅತ್ತೆಮ್ಮ ನೆಂಟರ ಊರಿಗೆ ಹೋಗಿದ್ದರು. ತಡೆಯಲಾರದೆ ನಾನೂ ಇನ್ನಿಬ್ಬರೂ ಸೇರಿ ಹಗ್ಗ ಕಟ್ಟಿ ಎಳೆದುಬಿಟ್ಟೆವು. ಕರು ಬದುಕಿತು. ಗೌರಿಯ ದಾರಿ ಇನ್ನೂ ಹಿಗ್ಗಿರಲಿಲ್ಲ, ಹರಿದುಹೋಯಿತು. ಹೊಲಿಗೆ ಬಿತ್ತು, ಕೀವಾಯಿತು. ಗಾಯ ಮಾಯಿತು, ಆದರೆ ಆಮೇಲೆ ಅವಳು ಎಷ್ಟು ಸಲ ಬೆದೆಗೆ ಬಂದರೂ ಗಬ್ಬ ನಿಲ್ಲಲಿಲ್ಲ. ನಾಲ್ಕು ವರ್ಷದ ಹಸು ನನ್ನ ಆತುರಕ್ಕೆ ಬಂಜೆಯಾಯಿತು.

ಆ ಭಯಕ್ಕೆ, ಎರಡು ವರ್ಷದ ಮೇಲೆ ಕೆಂಪಿಯ ಸರದಿ ಬಂದಾಗ ನಾನು ಕೈಯನ್ನೇ ಹಾಕಲಿಲ್ಲ. ಎರಡು ಕಾಲು ಹೊರಗೆ ಬಂದಿದ್ದವು, ಮೂತಿ ಕಾಣುತ್ತಿರಲಿಲ್ಲ. ಬರುತ್ತದೆ ಬರುತ್ತದೆ ಎಂದು ಮೂರು ಗಂಟೆ ಕಾದೆ. ಡಾಕ್ಟರು ಬಂದು ಒಳಗೆ ಕೈಹಾಕಿ ನೋಡಿದರೆ ಕರುವಿನ ಕತ್ತು ಪಕ್ಕೆಯ ಕಡೆಗೆ ಮಡಚಿಕೊಂಡಿತ್ತು. ಇನ್ನು ಮೂರು ಗಂಟೆ ಕಾದಿದ್ದರೂ ಅದು ತಾನಾಗಿ ಬರುವಂತಿರಲಿಲ್ಲ. ತಿರುಗಿಸಿ ತೆಗೆಯುವಷ್ಟರಲ್ಲಿ ಕರು ಹೋಗಿತ್ತು. ಹೆಣ್ಣುಗರು, ಹಣೆಯ ಮೇಲೆ ಬಿಳಿ ಬೊಟ್ಟು.

ಅಂದಿನಿಂದ ಕೊಟ್ಟಿಗೆಯ ಕಂಬಕ್ಕೆ ಗಡಿಯಾರ ಹಾಕಿದ್ದೇನೆ. ನೀರಿನ ಚೀಲ ಕಾಣಿಸಿದ ಹೊತ್ತನ್ನು ಸೀಮೆಸುಣ್ಣದಲ್ಲಿ ಗೋಡೆಗೆ ಬರೆಯುತ್ತೇನೆ. ಎರಡು ಮುಂಗಾಲು, ಅವುಗಳ ಮೇಲೆ ಒರಗಿದ ಮೂತಿ, ಈ ಮೂರೂ ಕಂಡರೆ ಕರು ಸರಿಯಾಗಿ ಬರುತ್ತಿದೆ. ಆಗ ದೂರ ನಿಲ್ಲಬೇಕು. ಮುಕ್ಕಿದಷ್ಟೂ ಕರು ಮುಂದೆ ಬರುತ್ತಿದ್ದರೆ ಚೊಚ್ಚಲಿಗೆ ಎರಡು ಗಂಟೆ, ಈದು ಪಳಗಿದ ಹಸುವಿಗೆ ಒಂದು ಗಂಟೆ ಬಿಡುತ್ತೇನೆ. ಅರ್ಧ ಗಂಟೆ ಜೋರಾಗಿ ಮುಕ್ಕಿಯೂ ಕೂದಲೆಳೆಯಷ್ಟೂ ಮುಂದೆ ಬಾರದಿದ್ದರೆ, ಒಂದೇ ಕಾಲು ಕಂಡರೆ, ಬಾಲ ಮಾತ್ರ ಕಂಡರೆ, ಕಾಲಿದ್ದು ಮೂತಿ ಇಲ್ಲದಿದ್ದರೆ, ಗಡಿಯಾರ ನೋಡುವುದು ಬಿಟ್ಟು ಫೋನ್ ತೆಗೆದುಕೊಳ್ಳುತ್ತೇನೆ.

5. ಎಳೆಯಲೇಬೇಕಾಗಿ ಬಂದರೆ

ಮೊದಲು ಬಳೆ ತೆಗೆಯಿರಿ, ಉಗುರು ಕತ್ತರಿಸಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆಯಿರಿ. ಗೊರಸಿನ ಅಡಿ ನೆಲ ನೋಡುತ್ತಿದ್ದರೆ ಮುಂಗಾಲು, ಆಕಾಶ ನೋಡುತ್ತಿದ್ದರೆ ಬಹುಪಾಲು ಹಿಂಗಾಲು. ಗೊರಸಿನ ಮೇಲಿನ ಗೆಣ್ಣಿಗಿಂತ ಮೇಲಕ್ಕೆ ಹಗ್ಗದ ಕುಣಿಕೆ ಹಾಕಿ. ಗೆಣ್ಣಿನ ಮೇಲೇ ಕಟ್ಟಿದರೆ ಎಳೆಗಾಲು ಮುರಿಯುತ್ತದೆ. ಅವಳು ಮುಕ್ಕಿದಾಗ ಎಳೆಯಿರಿ, ಅವಳು ನಿಲ್ಲಿಸಿದಾಗ ನೀವೂ ನಿಲ್ಲಿಸಿ. ಒಮ್ಮೆ ಈ ಕಾಲು, ಒಮ್ಮೆ ಆ ಕಾಲು. ತಲೆ ಹೊರಬಂದ ಮೇಲೆ ಹಸುವಿನ ಹಿಂಗಾಲಿನ ಕಡೆಗೆ ಕೆಳಮುಖವಾಗಿ ಎಳೆಯಬೇಕು, ನೇರ ಹಿಂದಕ್ಕಲ್ಲ. ಎಳೆಯಲು ಇಬ್ಬರು ಸಾಕು. ಇಬ್ಬರಿಗೆ ಬಾರದ ಕರುವನ್ನು ಆರು ಜನ ಸೇರಿ ಎಳೆದರೆ ಕರುವೂ ಉಳಿಯದು, ಹಸುವೂ ಉಳಿಯದು. ಹಿಂಗಾಲು ಮುಂದಾಗಿ ಬರುವ ಕರು ಮಾತ್ರ ಸೊಂಟ ದಾಟಿದ ಮೇಲೆ ತಡ ಮಾಡುವಂತಿಲ್ಲ. ತಲೆ ಇನ್ನೂ ಒಳಗಿರುತ್ತದೆ, ಹೊಕ್ಕುಳ ಬಳ್ಳಿ ಆಗಲೇ ಅದುಮಿಕೊಂಡಿರುತ್ತದೆ.

ಇನ್ನೊಂದು ಮಾತು. ಸಣ್ಣ ಮೈಯ ಕಡಸಿಗೆ ದೊಡ್ಡ ತಳಿಯ ವೀರ್ಯ ಹಾಕಿಸಿ ಒಂಬತ್ತು ತಿಂಗಳ ಮೇಲೆ ಅಳುವವರನ್ನು ಕಂಡಿದ್ದೇನೆ. ಬೆದೆಗೆ ಬಂತು ಎಂಬ ಒಂದೇ ಕಾರಣಕ್ಕೆ ಅವಸರ ಮಾಡಬೇಡಿ, ಮೈ ತುಂಬಲಿ.

6. ನೋವು ತಿಂದೂ ಏನೂ ಕಾಣದಿದ್ದರೆ ಕಾಯಬೇಡಿ

ಬೆಳ್ಳಿ ಮೂರನೇ ಸೂಲಿಗೆ ಬಂದಾಗ ಬೆಳಗಿನಿಂದ ಮಲಗುವುದು, ಏಳುವುದು, ಹೊಟ್ಟೆಗೆ ಒದ್ದುಕೊಳ್ಳುವುದು. ಮಧ್ಯಾಹ್ನವಾದರೂ ನೀರಿನ ಚೀಲ ಇಲ್ಲ. ಡಾಕ್ಟರು ಒಳಗೆ ಕೈಯಿಟ್ಟವರೇ, "ಅಮ್ಮಾ, ಗರ್ಭಕೋಶ ತಿರುಚಿಕೊಂಡಿದೆ. ಒದ್ದೆ ಬಟ್ಟೆ ಹಿಂಡಿದಂಗಿದೆ ದಾರಿ" ಅಂದರು. ಬೆಳ್ಳಿಯನ್ನು ತಿರುಚಿದ ಮಗ್ಗುಲಿಗೇ ಕೆಡವಿ, ಮುಂಗಾಲೆರಡು ಹಿಂಗಾಲೆರಡು ಜೋಡಿಸಿ ಕಟ್ಟಿ, ಹೊಟ್ಟೆಯ ಮೇಲೆ ಅಟ್ಟದ ಹಲಗೆ ಇಟ್ಟರು. ಹಲಗೆಯ ಮೇಲೆ ನನ್ನ ಮಗ ನಿಂತ. ಅಕ್ಕಪಕ್ಕದವರು ಹಗ್ಗ ಹಿಡಿದು ಅವಳನ್ನು ಮೆಲ್ಲಗೆ ಆ ದಿಕ್ಕಿಗೇ ಉರುಳಿಸಿದರು. ಹಲಗೆಯ ಭಾರಕ್ಕೆ ಒಳಗಿನ ಕರು ಅಲುಗದೆ ನಿಲ್ಲುತ್ತದೆ, ಹೊರಗಿನ ಹಸು ತಿರುಗುತ್ತದೆ, ಸುರುಳಿ ಬಿಚ್ಚಿಕೊಳ್ಳುತ್ತದೆ. ಎರಡು ಸಲ ಆಗಲಿಲ್ಲ. ಮೂರನೆಯ ಸಲ ಉರುಳಿಸಿದಾಗ ಒಂದು ಬಿಂದಿಗೆಯಷ್ಟು ನೀರು ಭಳ್ಳನೆ ಹೊರಬಂತು. ಮುಕ್ಕಾಲು ಗಂಟೆಯಲ್ಲಿ ಕರು ನೆಲದ ಮೇಲಿತ್ತು, ಜೀವಂತ.

ಡಾಕ್ಟರಿಗೆ ಫೋನ್ ಮಾಡಿದಾಗ "ಬೇಗ ಬನ್ನಿ" ಎಂದಷ್ಟೇ ಹೇಳಿ ಇಡಬೇಡಿ. ಎಷ್ಟನೇ ಸೂಲು, ನೋವು ಶುರುವಾಗಿ ಎಷ್ಟು ಹೊತ್ತು, ಚೀಲ ಒಡೆಯಿತೇ, ಹೊರಗೆ ಏನು ಕಾಣುತ್ತಿದೆ, ಈ ನಾಲ್ಕು ಹೇಳಿದರೆ ಬೇಕಾದ ಸಾಮಾನು ತಂದೇ ಬರುತ್ತಾರೆ. ಊರಿನ ಡಾಕ್ಟರು ಸಿಗದಿದ್ದರೆ 1962ಕ್ಕೆ ಕರೆ ಮಾಡಿ, ಸರ್ಕಾರದ ಸಂಚಾರಿ ಪಶು ಆಂಬುಲೆನ್ಸ್ ಬರುತ್ತದೆ.

7. ಬಿದ್ದ ಕರುವಿನ ಮೂಗು ನೋಡಿ

ಹೆಣ್ಣೋ ಗಂಡೋ ಎಂದು ಬಾಲ ಎತ್ತಿ ನೋಡುವವರೇ ಎಲ್ಲರೂ. ಮೊದಲು ಮೂಗು, ಬಾಯಿ. ಲೋಳೆಯನ್ನು ಬೆರಳಲ್ಲಿ ಬಳಿದು ತೆಗೆಯಿರಿ. ಉಸಿರಾಡದಿದ್ದರೆ ಒಣಹುಲ್ಲಿನ ಕಡ್ಡಿಯೊಂದನ್ನು ಮೂಗಿನ ಹೊಳ್ಳೆಯೊಳಗೆ ಆಡಿಸಿ, ತಲೆಗೆ ತಣ್ಣೀರು ಚಿಮುಕಿಸಿ, ಗೋಣಿತಾಟಿನಿಂದ ಪಕ್ಕೆಯನ್ನು ಗಸಗಸ ಉಜ್ಜಿ, ಎದೆ ಊರಿ ಕೂರುವ ಹಾಗೆ ಮಾಡಿ. ತುಂಗೆಯ ಕರು ಹೀಗೆಯೇ ಒದ್ದೆ ಬಟ್ಟೆಯಂತೆ ಬಿದ್ದಿತ್ತು, ನಾಲಿಗೆ ನೀಲಿ. ಕಡ್ಡಿ ಆಡಿಸುತ್ತಲೇ ಇದ್ದೆ. ಒಂದು ಸೀನು. ಆಮೇಲೆ ಇನ್ನೊಂದು. ಹೊಳ್ಳೆಯಿಂದ ಲೋಳೆ ನನ್ನ ಮುಖಕ್ಕೇ ಹಾರಿತು. ಅಷ್ಟು ಸಂತೋಷ ಯಾವ ಹಬ್ಬದಲ್ಲೂ ಕಂಡಿಲ್ಲ.

ಆಮೇಲೆ ಹೊಕ್ಕುಳ. ಬಳ್ಳಿ ಹರಿದ ತುದಿಯನ್ನು ಟಿಂಚರ್ ಅಯೋಡಿನ್‌ನಲ್ಲಿ ಅದ್ದಿ. ಆಷಾಢದ ಕೆಸರಿನಲ್ಲಿ ಹೊಕ್ಕುಳಿನಿಂದಲೇ ನಂಜು ಏರುತ್ತದೆ, ವಾರದಲ್ಲಿ ಮಂಡಿ ಊದಿಕೊಳ್ಳುತ್ತದೆ. ಇದಿಷ್ಟಾದ ಮೇಲೆ ಕರುವನ್ನು ತಾಯಿಯ ಮುಂದೆ ಎಳೆದಿಟ್ಟು ಹಿಂದೆ ಸರಿಯಿರಿ. ಅವಳ ನಾಲಿಗೆ ಮಾಡುವ ಕೆಲಸ ನಮ್ಮ ಯಾವ ಬಟ್ಟೆಯಿಂದಲೂ ಆಗದು.

8. ಗಿಣ್ಣು ಮೊದಲು ಕರುವಿಗೆ

ಸತ್ತೆ, ಅಂದರೆ ಮಾಸು, ಬೀಳುವವರೆಗೆ ಕರುವಿಗೆ ಮೊಲೆ ಬಿಡಬಾರದು ಎಂಬ ಮಾತು ನಮ್ಮ ಕಡೆ ಇನ್ನೂ ಇದೆ. ದಯವಿಟ್ಟು ಅದನ್ನು ಬಿಟ್ಟುಬಿಡಿ. ಮನುಷ್ಯರ ಕೂಸಿಗೆ ಬರುವ ಹಾಗೆ ಕರುವಿಗೆ ಹೊಟ್ಟೆಯೊಳಗಿರುವಾಗ ತಾಯಿಯ ರೋಗನಿರೋಧಕ ಶಕ್ತಿ ದಾಟಿ ಬರುವುದಿಲ್ಲ. ಅದು ಸಿಗುವುದು ಗಿಣ್ಣಿನಲ್ಲಿ ಮಾತ್ರ. ಅದನ್ನು ಹೀರಿಕೊಳ್ಳುವ ಕರುಳಿನ ಬಾಗಿಲೂ ಹುಟ್ಟಿದ ಗಳಿಗೆಯಿಂದ ಮುಚ್ಚುತ್ತಾ ಬಂದು ಒಂದು ದಿನದೊಳಗೆ ಪೂರ್ತಿ ಮುಚ್ಚಿಹೋಗುತ್ತದೆ. ಮೂವತ್ತು ಕೆಜಿ ಕರುವಿಗೆ ಒಟ್ಟು ಮೂರು ಲೀಟರ್. ಅರ್ಧ ಗಂಟೆ, ಒಂದು ಗಂಟೆಯೊಳಗೆ ಎರಡು, ಆರು ಗಂಟೆಯೊಳಗೆ ಉಳಿದದ್ದು. ಸತ್ತೆ ಬೀಳದಿದ್ದರೂ ಸರಿ. ಕರು ಚೀಪಿದರೆ ಸತ್ತೆ ಬೀಳುವುದಕ್ಕೂ ಅನುಕೂಲವೇ.

ಗಿಣ್ಣು ಅಕ್ಕಪಕ್ಕದ ಮನೆಗೆ ಹಂಚುವುದು ನನಗೂ ಇಷ್ಟ. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿ, ಕತ್ತರಿಸಿ ತಟ್ಟೆಗಿಟ್ಟು ಕಳಿಸುತ್ತೇನೆ. ತಟ್ಟೆ ಬರಿದಾಗಿ ವಾಪಸು ಬರುವುದಿಲ್ಲ, ಒಂದು ಹಿಡಿ ಅಕ್ಕಿಯೋ ಬೆಲ್ಲದಚ್ಚೋ ಇರುತ್ತದೆ. ಆದರೆ ಅದು ಎರಡನೆಯ ದಿನದ ಗಿಣ್ಣು.

9. ಸತ್ತೆಗೆ ಕಲ್ಲು ಕಟ್ಟಬೇಡಿ

ಕೆಲವರು ಕಸ ಅಂತಾರೆ, ಕೆಲವರು ಮಾಸು. ಎಂಟು–ಹತ್ತು ಗಂಟೆಯಲ್ಲಿ ತಾನಾಗಿ ಬೀಳುತ್ತದೆ. ಜೋತಾಡುವ ಸತ್ತೆಗೆ ಕಲ್ಲು, ಹಳೇ ಚಪ್ಪಲಿ ಕಟ್ಟಿ ಎಳೆತ ಕೊಡುವವರಿದ್ದಾರೆ. ಅರ್ಧ ಹರಿದು ಒಳಗೇ ಕೊಳೆಯುತ್ತದೆ, ಕೆಲವೊಮ್ಮೆ ಗರ್ಭಕೋಶವೇ ಹೊರಬರುತ್ತದೆ. ಹನ್ನೆರಡು ಗಂಟೆ ದಾಟಿದರೆ ಡಾಕ್ಟರಿಗೆ ಹೇಳಿ.

ಬಿದ್ದ ಸತ್ತೆಯನ್ನು ಒಣಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟುವುದು ಹಿಂದಿನಿಂದ ಬಂದದ್ದು. ಹಾಲು ಸುರಿಯುವ ಮರದ ಹಾಗೆ ಹಸುವೂ ಹಾಲು ಸುರಿಸಲಿ ಎಂಬ ಆಸೆ. ಆ ಆಸೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಂದು ರೋಗದ ಹಸುವಾದರೆ ಆ ಸತ್ತೆಯಲ್ಲಿ, ನೀರಿನಲ್ಲಿ ರೋಗಾಣು ತುಂಬಿರುತ್ತದೆ. ನಾಯಿ, ಕಾಗೆ ಎಳೆದು ಊರಿಗೆಲ್ಲ ಹರಡುತ್ತವೆ, ಬರಿಗೈಯಲ್ಲಿ ಮುಟ್ಟಿದ ನಮಗೂ ಅಂಟುತ್ತದೆ. ಬಿಟ್ಟುಬಿಟ್ಟು ಬರುವ ಜ್ವರ, ಕೀಲುನೋವು ತಿಂಗಳುಗಟ್ಟಲೆ ಬಿಡುವುದಿಲ್ಲ. ಕೈಗೆ ಗ್ಲೌಸ್ ಹಾಕಿ, ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಈ ರೋಗ ಬಾರದಂತೆ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆ ಜೀವಮಾನಕ್ಕೆ ಒಂದೇ ಸಲ ಕೊಡುವ ಲಸಿಕೆ ಇದೆ. 2019ರಲ್ಲಿ ಶುರುವಾದ ಕೇಂದ್ರದ ಯೋಜನೆಯಲ್ಲಿ ಅದು ಉಚಿತ. ಕೇಳಿ ಹಾಕಿಸಿಕೊಳ್ಳಿ.

10. ಹಾಲು ಜ್ವರದಲ್ಲಿ ಜ್ವರ ಇರುವುದಿಲ್ಲ

ಈದ ಮೂರು ದಿನದೊಳಗೆ, ಮೂರನೇ ಸೂಲು ದಾಟಿದ, ಜೋರಾಗಿ ಕರೆಯುವ ಹಸು ಇದ್ದಕ್ಕಿದ್ದಂತೆ ಕುಸಿದು ಕೂರುತ್ತದೆ. ಕತ್ತನ್ನು ಪಕ್ಕೆಗೆ ಮಡಚಿಕೊಂಡು ಮಂಕಾಗುತ್ತದೆ. ಕಿವಿ ಮುಟ್ಟಿ ನೋಡಿ, ಮಂಜಿನಂತೆ ತಣ್ಣಗಿರುತ್ತದೆ. ಮೈಯ ಸುಣ್ಣವೆಲ್ಲ ಒಮ್ಮೆಗೇ ಹಾಲಿಗೆ ಇಳಿದುಹೋಗಿ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿರುತ್ತದೆ.

ಈ ಹೊತ್ತಿನಲ್ಲಿ ಮರುಕದಿಂದ ಮಾಡುವ ಒಂದು ಕೆಲಸ ಹಸುವನ್ನು ಕೊಲ್ಲುತ್ತದೆ. ನಮ್ಮ ಬೀದಿಯಲ್ಲೇ ನಡೆದದ್ದು. ನಿತ್ರಾಣ ಆಗಿದೆ ಎಂದು ಬಿದಿರಿನ ಗೊಟ್ಟದಲ್ಲಿ ರಾಗಿ ಗಂಜಿ ಹುಯ್ದರು. ಆ ಸ್ಥಿತಿಯಲ್ಲಿ ಹಸುವಿಗೆ ನುಂಗುವ ಶಕ್ತಿ ಇರುವುದಿಲ್ಲ, ಗಂಜಿ ನೇರ ಶ್ವಾಸಕೋಶಕ್ಕೆ ಇಳಿಯಿತು. ಕ್ಯಾಲ್ಸಿಯಂಗೆ ಎದ್ದು ನಿಂತ ಹಸು ಮೂರನೆಯ ದಿನ ಉಸಿರು ಕಟ್ಟಿ ಸತ್ತಿತು. ಗೊಟ್ಟ ಮುಟ್ಟಬೇಡಿ. ಎರಡೂ ಪಕ್ಕಕ್ಕೆ ಹುಲ್ಲು ತುಂಬಿದ ಚೀಲ ಒತ್ತಿಟ್ಟು ಎದೆ ಊರಿ ಕೂರುವಂತೆ ಮಾಡಿ, ಡಾಕ್ಟರನ್ನು ಕರೆಯಿರಿ. ನರಕ್ಕೆ ನಿಧಾನವಾಗಿ ಬಾಟಲಿ ಏರುತ್ತಿದ್ದಂತೆ ಮೈ ನಡುಗುತ್ತದೆ, ತೇಗು ಬರುತ್ತದೆ, ಸಗಣಿ ಹಾಕುತ್ತದೆ, ಸ್ವಲ್ಪ ಹೊತ್ತಿಗೆ ಎದ್ದು ನಿಲ್ಲುತ್ತದೆ. ನೋಡಿದವರಿಗೆ ಪವಾಡವೆನಿಸುತ್ತದೆ. ಈದ ಮೊದಲೆರಡು ದಿನ ಕೆಚ್ಚಲನ್ನು ಪೂರ್ತಿ ಬರಿದು ಮಾಡದೆ ಕರೆದರೆ ಈ ಕಷ್ಟ ಎಷ್ಟೋ ಕಡಿಮೆ.

11. ಅವಳಿಯ ಲೆಕ್ಕ

ಹೋರಿಗರುವಿನ ಜೊತೆ ಹುಟ್ಟಿದ ಹೆಣ್ಣುಗರು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಲ ಬಂಜೆ. ಹೊಟ್ಟೆಯೊಳಗೆ ರಕ್ತ ಹಂಚಿಕೊಂಡು ಅದರ ಗರ್ಭಕೋಶ ಸರಿಯಾಗಿ ಬೆಳೆದಿರುವುದಿಲ್ಲ. ಕಡಸು ಕೊಳ್ಳುವಾಗ ಅವಳಿಯೇ ಎಂದು ಕೇಳಿ. ಮಾರುವಾಗ ಹೇಳಿ.

12. ಹೋರಿಗರುವಿಗೂ ಅದೇ ಗಿಣ್ಣು

ಸೀಮೆಹಸು ಹೋರಿಗರು ಹಾಕಿದರೆ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಉಳುಮೆಗೆ ಟ್ರ್ಯಾಕ್ಟರ್ ಬಂದಿದೆ, ಆ ಹೋರಿ ಯಾರಿಗೂ ಬೇಡ. ಹಾಲು ಕೊಡದೆ ಸೊರಗಿಸಿ ಸಾಯಲು ಬಿಡುವುದನ್ನು, ರಾತ್ರಿ ಹೊತ್ತು ಯಾವುದೋ ಊರಿನ ಹತ್ತಿರ ಬಿಟ್ಟುಬರುವುದನ್ನು ನೋಡಿದ್ದೇನೆ. ಬಡತನ ಏನು ಮಾಡಿಸುತ್ತದೆಂದು ನನಗೆ ಗೊತ್ತು. ಆದರೂ ಇದು ನನಗೆ ಒಪ್ಪಿಗೆಯಾಗುವುದಿಲ್ಲ. ಒಂಬತ್ತು ತಿಂಗಳು ಹೊತ್ತವಳ ಹಾಲನ್ನು ಮಾರುತ್ತಿದ್ದೇವೆ. ಅದರಲ್ಲಿ ಮೂರು ತಿಂಗಳ ಪಾಲು ಅವನದು. ನಮ್ಮ ಮನೆಯಲ್ಲಿ ಅದನ್ನು ಲೆಕ್ಕಕ್ಕೆ ಹಿಡಿದೇ ಖರ್ಚು ಬರೆಯುತ್ತೇವೆ. ಈಗ ಹೆಣ್ಣುಗರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯ ಸಿಗುತ್ತದೆ, ಹತ್ತಕ್ಕೆ ಒಂಬತ್ತು ಹೆಣ್ಣು. ದರ ಹೆಚ್ಚಾದರೂ ಒಳ್ಳೆಯ ಕಡಸುಗಳಿಗೆ ಅದನ್ನೇ ಹಾಕಿಸುತ್ತಿದ್ದೇನೆ.

13. ಸತ್ತ ಕರುವನ್ನು ತಾಯಿಗೆ ತೋರಿಸಿ

ಹಿಂದೆ ಅತ್ತೆಮ್ಮ ಸತ್ತ ಎಮ್ಮೆಗರುವಿನ ಚರ್ಮಕ್ಕೆ ಹುಲ್ಲು ತುಂಬಿಸಿ, ಎಮ್ಮೆಯ ಮುಂದಿಟ್ಟು ಹಾಲು ಸೊರೆಸುತ್ತಿದ್ದರು. ನನ್ನ ಕೈಲಿ ಅದು ಆಗಲಿಲ್ಲ. ಹೋದ ವರ್ಷ ಚಂದ್ರಿಯ ಕರು ಹುಟ್ಟುವಾಗಲೇ ಸತ್ತಿತ್ತು. ತಕ್ಷಣ ಹೊತ್ತೊಯ್ಯಲು ಗಂಡಸರು ಬಂದರು. ಬೇಡ ಅಂದೆ. ಚಂದ್ರಿ ಒಂದು ಗಂಟೆ ಅದನ್ನು ನೆಕ್ಕಿದಳು. ಕಿವಿ, ಕಣ್ಣು, ಹೊಟ್ಟೆ. ಮೂತಿಯಿಂದ ಎತ್ತಿ ನಿಲ್ಲಿಸಲು ನೋಡಿದಳು. ಆಮೇಲೆ ತಾನೇ ಮುಖ ತಿರುಗಿಸಿ ನೀರು ಕುಡಿದಳು. ತೋಟದ ತೆಂಗಿನ ಬುಡದಲ್ಲಿ ಮಣ್ಣು ಮಾಡಿದೆವು. ಮೊದಲೆಲ್ಲ ಕರುವನ್ನು ಕಣ್ಣಿಗೆ ಬೀಳಿಸದೆ ಒಯ್ದಾಗ ಹಸುಗಳು ಮೂರು ನಾಲ್ಕು ದಿನ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಳ್ಳುತ್ತಿದ್ದವು. ಚಂದ್ರಿ ಒಂದೇ ರಾತ್ರಿ ಕೂಗಿದಳು.

ಅವಳು ಮತ್ತೆ ತುಂಬು ಗಬ್ಬ. ಕ್ಯಾಲೆಂಡರಿನ ಸುತ್ತು ನಾಡಿದ್ದಿಗೆ ಬರುತ್ತದೆ. ಸೋಪು, ಬಕೆಟ್, ಕುದಿಸಿದ ಹಗ್ಗ, ಟಿಂಚರ್ ಸೀಸೆ ಕಂಬದ ಪಕ್ಕ ಜೋಡಿಸಿಟ್ಟಿದ್ದೇನೆ. ಅತ್ತೆಮ್ಮನಿಗೆ ಈಗ ಕಣ್ಣು ಮಂಜು. ಇವತ್ತು ಸಂಜೆ ಗೋಡೆ ಹಿಡಿದುಕೊಂಡು ಕೊಟ್ಟಿಗೆಗೆ ಬಂದರು, ಚಂದ್ರಿಯ ಬೆನ್ನು ಸವರುತ್ತಾ ಹಿಂದೆ ಹೋಗಿ ಬಾಲದ ಬುಡಕ್ಕೆ ಎರಡು ಬೆರಳಿಟ್ಟರು. ಸ್ವಲ್ಪ ಹೊತ್ತು ಹಾಗೇ ನಿಂತರು.

"ಇವತ್ತಲ್ಲ ಮಗಾ. ಹೋಗಿ ಮಲಗು."